ಹಸಿರು ಮಾತ್ರ

ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸನ್ನು ಕಿತ್ತ ಮೇಲೂ ನೀರು ಬೀಳಲಿಲ್ಲ. ಮೇಸ್ತ್ರಿ ಲಾರಿಯ ಅಡಿಯಲ್ಲಿ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಮುಖಕ್ಕೆ ಸಿಡಿದೀತೆಂದು ಕತ್ತನ್ನು ಓರೆ ಮಾಡಿಕೊಂಡು ಕಾದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ರೇಡಿಯೇಟರಿನ ಬಾಯಿಂದ ಕಂದು ಬಣ್ಣದ ಮುದ್ದೆಯೊಂದು ಮೆಲ್ಲಗೆ ಇಣುಕಿ, ಹಿಂದೇಟು ಹಾಕಿ, ಕೊನೆಗೆ ಪಚಕ್ಕೆಂದು ಟಬ್ಬಿನೊಳಗೆ ಬಿತ್ತು. ಅದರ ಬೆನ್ನಿಗೇ ಇನ್ನೊಂದು. ಅವೆರಡೂ ಬಿದ್ದ ಮೇಲೆ ನೀರು ಬಂತು, ಅದೂ ಸಣ್ಣಗೆ, ಕೆಸರಿನ ಬಣ್ಣದಲ್ಲಿ.

"ಭಾವ, ಇದರೊಳಗೆ ನೀರು ಹಾಕಿದ್ರೋ, ಗೋಂದು ಹಾಕಿದ್ರೋ?" ಮೇಸ್ತ್ರಿ ಅಡಿಯಿಂದಲೇ ಕೂಗಿದ.

"ನಿಮ್ಮಕ್ಕನಿಗೆ ಕಾಸಿದ ಗಂಜಿ ಮಿಕ್ಕಿತ್ತು ಕಣೋ. ಚೆಲ್ಲೋದ್ಯಾಕೆ ಅಂತ ಸುರಿದೆ," ಎಂದರು ಭಾವ ಮೇಲಿನಿಂದ.

"ಆ ಗಂಜಿ ಹತ್ತು ದಿನ ಕುಡಿದು ನಾನೇ ಬದುಕಿದ್ದೀನಿ. ಈ ಲಾರಿಗೇನು ಧಾಡಿ?" ಎಂದಳು ಅಕ್ಕ. ಅವಳು ಷೆಡ್ಡಿನ ಬಾಗಿಲಲ್ಲಿ ಅಡ್ಡ ಹಾಕಿದ ಹಳೇ ಟಯರಿನ ಮೇಲೆ ಕೂತಿದ್ದಳು. ಜ್ವರದಲ್ಲಿ ಇಳಿದ ಮೈ ಇನ್ನೂ ತುಂಬಿಕೊಂಡಿರಲಿಲ್ಲ. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

ಮೇಸ್ತ್ರಿ ನಗಲಿಲ್ಲ. ಮುದ್ದೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ಲೋಳೆ, ಒಳಗೆ ಮರಳಿನಂಥ ಕಾಳು. ಇದು ತುಕ್ಕಲ್ಲ. ಎಂಜಿನ್ ತಣ್ಣಗಿಡಲು ಹಸಿರು ಕೂಲೆಂಟ್ ಹಾಕಿದ ಗಾಡಿಗೆ ಕೆಂಪು ಕೂಲೆಂಟ್ ಸುರಿದರೆ, ಹಾಲಿಗೆ ಹುಳಿ ಹಿಂಡಿದ ಹಾಗೆ ಒಳಗೇ ಒಡೆದು ಹೀಗೆ ಗಟ್ಟಿಯಾಗುತ್ತದೆ. ಅದು ಗೊತ್ತಿದ್ದೇ ಅವನು ತನ್ನ ಷೆಡ್ಡಿನಿಂದ ಹೊರಗೆ ಹೋಗುವ ಪ್ರತಿ ಲಾರಿಯ ಬಾನೆಟ್ಟಿನ ಒಳಮೈಗೆ ಬಿಳಿ ಬಣ್ಣದಲ್ಲಿ ಬರೆದು ಕಳಿಸುತ್ತಿದ್ದ: ಹೋಸು ಬದಲಿಸಿದ ತಿಂಗಳು, ವರ್ಷ, ಅದರ ಕೆಳಗೆ ಕೂಲೆಂಟಿನ ಬಣ್ಣ. ಬೇರೆ ಡ್ರೈವರುಗಳು ಅದನ್ನು 'ಲಾರಿ ಜಾತಕ' ಎಂದು ಗೇಲಿ ಮಾಡುತ್ತಿದ್ದರು.

ಅವನು ತೆವಳಿಕೊಂಡು ಹೊರಗೆ ಬಂದು ಎದ್ದು ನಿಂತ. ಬಾನೆಟ್ಟು ಎತ್ತಿಯೇ ಇತ್ತು. ಮೂರು ವರ್ಷದ ಹಿಂದೆ ತಾನೇ ಬರೆದ ಅಕ್ಷರಗಳು ಎಣ್ಣೆ ಹೊಗೆಗೂ ಮಾಸಿರಲಿಲ್ಲ, ಒಂದೊಂದೂ ಗೇಣುದ್ದ. 'ಹಸಿರು ಮಾತ್ರ.'

ಕ್ಯಾಬಿನ್ನಿಗೆ ಹತ್ತಿ ಸೀಟಿನ ಹಿಂದೆ ಕೈ ಹಾಕಿದ. ಎರಡು ಕ್ಯಾನು ಸಿಕ್ಕವು. ಒಂದು ಅವನೇ ಕೊಟ್ಟಿದ್ದ ಹಸಿರು, ಅರ್ಧ ಉಳಿದಿತ್ತು. ಇನ್ನೊಂದು ಕೆಂಪು, ಪೂರ್ತಿ ಖಾಲಿ. ಒಂದೇ ಆಕಾರ, ಒಂದೇ ಮುಚ್ಚಳ, ಅವಳಿ ಮಕ್ಕಳ ಹಾಗೆ.

"ಇದನ್ನ ಯಾರು ತಂದಿದ್ದು?"

"ದಾರಿಯಲ್ಲಿ ಒಬ್ಬ ಅಂಗಡಿಯವನು ಕೊಟ್ಟ. ಏರಿನಲ್ಲಿ ಕುದಿಯೋಕೆ ಶುರು ಆಯ್ತಪ್ಪ, ಕೈಗೆ ಸಿಕ್ಕಿದ್ದು ಸುರಿದೆ."

"ಇಷ್ಟು ದಪ್ಪಕ್ಕೆ ಬರೆದಿದ್ದೀನಲ್ಲ ಭಾವ, ಸುರಿಯೋವಾಗ ಮೂಗಿನ ನೇರಕ್ಕೇ ಇರುತ್ತೆ!"

"ನಿನ್ನ ಅಕ್ಷರ ಓದೋಕೆ ಔಷಧಿ ಅಂಗಡಿಯವನೇ ಬರಬೇಕು," ಎಂದು ಭಾವ ನಕ್ಕರು. ನಗುವಾಗಲೂ ಅವರು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಕಿವಿಯನ್ನು. ಮೇಸ್ತ್ರಿ ಅಲ್ಲಿ ಗ್ರೀಸು ಮೆತ್ತಿರಬೇಕೆಂದು ಭುಜದಿಂದ ಕಿವಿ ಒರೆಸಿಕೊಂಡ. ಈಚೆಗೆ ಕೆಲವು ತಿಂಗಳಿಂದ ಅವರದು ಹೀಗೇ. ಏನೋ ಮುನಿಸಿದ್ದೀತೆಂದು ಅವನು ಸುಮ್ಮನಿದ್ದ. ಭಾವನ ಮುನಿಸಿನ ಕಾರಣ ಕೇಳುವಷ್ಟು ದೊಡ್ಡವನು ತಾನಲ್ಲ ಎಂಬ ಭಾವನೆ ನಲವತ್ತು ದಾಟಿದ ಮೇಲೂ ಹೋಗಿರಲಿಲ್ಲ. ಅಪ್ಪ ಸತ್ತಾಗ ಅವನಿಗೆ ಹದಿನೇಳು. ಕೈ ಹಿಡಿದು ಈ ಲಾರಿಗಿಂತಲೂ ಹಳೆಯದೊಂದು ಲಾರಿಗೆ ಹತ್ತಿಸಿಕೊಂಡವರು ಈ ಮನುಷ್ಯ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದನ್ನು ಕಲಿಸಿದವರೂ ಅವರೇ. "ಮಾಲೀಕ ಸುಳ್ಳು ಹೇಳ್ತಾನೆ, ಡ್ರೈವರ್ ಸುಳ್ಳು ಹೇಳ್ತಾನೆ. ಎಂಜಿನ್ ಹೇಳಲ್ಲ," ಎನ್ನುತ್ತಿದ್ದರು. ಎಂಜಿನ್ನಿನ ವಿಷಯದಲ್ಲಿ ಅವರ ಕಿವಿ ಒಂದು ಸಲವೂ ತಪ್ಪಿದ್ದನ್ನು ಮೇಸ್ತ್ರಿ ಕಂಡಿರಲಿಲ್ಲ.

ಮೇಲಿನ ಹೋಸು ಕ್ಲಿಪ್ಪಿನ ಪಕ್ಕದಲ್ಲಿ ರಕ್ತ ಕುಡಿದ ಜಿಗಣೆಯ ಹಾಗೆ ಊದಿತ್ತು. ಅಮುಕಿದರೆ ಒಳಗಡೆ ಕರಕರ ಎನ್ನುತ್ತಿತ್ತು. ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ಇನ್ನೊಂದು ಪಟ್ಟಿ ಸುತ್ತಿ, ತಂತಿ ಬಿಗಿದಿತ್ತು.

"ಇಲ್ಲಿ ನೋಡಿದ್ರೆ ಬ್ಯಾಂಡೇಜು, ಅಲ್ಲಿ ನೋಡಿದ್ರೆ ಹೊಸಾ ಹಾರ್ನು," ಎಂದ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು."

"ಹಾರ್ನ್ ಬೇಕು ಕಣೋ. ಹಾರ್ನ್ ಇಲ್ಲದೆ ಗಾಡಿ ಓಡಿಸೋಕಾಗುತ್ತಾ?" ಎಂದರು ಭಾವ, ಈ ಸಲ ನಗದೆ.

ಗಟ್ಟಿಯಾಗಿ ಹಿಡಿದುಕೊಂಡ ಹೋಸನ್ನು ಎಳೆದರೆ ರೇಡಿಯೇಟರಿನ ಕಂಠವೇ ಮುರಿದೀತು. ಮೇಸ್ತ್ರಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದ ಹಾಗೆ ಬಿಡಿಸಿ ತೆಗೆದ. ಕಂಠಕ್ಕೆ ಅಂಟಿದ್ದ ರಬ್ಬರನ್ನು ಉಪ್ಪುಕಾಗದದಿಂದ ತಿಕ್ಕಿದ. ಆಮೇಲೆ ನಲ್ಲಿಯ ಪೈಪನ್ನು ಕೆಳಬಾಯಿಗೆ ಸಿಕ್ಕಿಸಿ ನೀರನ್ನು ಹಿಂದುಮುಂದಾಗಿ ಹತ್ತಿಸಿದ. ಮೇಲಿನಿಂದ ಕಂದು ನೀರು ಉಕ್ಕಿ ಬಂತು, ಅದರಲ್ಲಿ ಲೋಳೆಯ ಚೂರು, ತುಕ್ಕಿನ ಹಕ್ಕಳೆ. ನೀರು ಓಡುತ್ತಿರುವಾಗ ಬೆಲ್ಟ್ ಸಡಿಲಿಸಿ ವಾಟರ್ ಪಂಪಿನ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಅಲುಗಾಟವಿಲ್ಲ, ಸದ್ದಿಲ್ಲ, ಬೆಣ್ಣೆಯಲ್ಲಿ ಕೈ ಆಡಿಸಿದ ಹಾಗೆ ತಿರುಗಿತು. ಈ ಮುದಿ ಗಾಡಿಯಲ್ಲಿ ಅದೊಂದಾದರೂ ಸರಿಯಾಗಿದೆ ಎಂದುಕೊಂಡ.

ನೀರು ನಿಲ್ಲಿಸಲು ಎಡಗಡೆಯಿಂದ ಸುತ್ತಿ ಹೋಗುವಾಗ ಗೀರು ಕಣ್ಣಿಗೆ ಬಿತ್ತು. ಬಂಪರಿನ ಮೂಲೆಯಿಂದ ಮಡ್‌ಗಾರ್ಡ್ ದಾಟಿ ಬಾಗಿಲವರೆಗೆ, ಒಂದು ಮಾರು ಉದ್ದ. ಕನ್ನಡಿಯ ಕೋಲು ಬುಡಕ್ಕೇ ಮುರಿದಿತ್ತು. ಹೆಬ್ಬೆರಳಿನಿಂದ ಕೆರೆದ. ಗೀರಿನೊಳಗಿಂದ ಲಾರಿಯದಲ್ಲದ ನೀಲಿ ಬಣ್ಣ ತೆಳ್ಳನೆಯ ಪದರವಾಗಿ ಎದ್ದು ಬಂತು.

"ಇದೇನು ಭಾವ?"

"ಗೋಡೆ ಒರೆಸ್ತು," ಎಂದರು ಭಾವ.

ಎಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಅಕ್ಕನ ಕೈಗೆ ಕೊಟ್ಟ. ಷೆಡ್ಡಿನ ಮೂಲೆಯ ಸ್ಟೋವಿನ ಮೇಲೆ ಪಾತ್ರೆಯಲ್ಲಿ ನೀರಿಟ್ಟು ಅದನ್ನು ಕುದಿಸಿ ನೋಡಬೇಕು. ಬಿಸಿಗೆ ಅದರ ಬಾಯಿ ತೆರೆದರೆ ಇನ್ನೂ ಜೀವವಿದೆ ಎಂದರ್ಥ.

"ಅಡುಗೆಮನೆ ಬಿಟ್ಟು ಬಂದ್ರೂ ಕುದಿಸೋದು ತಪ್ಪಲಿಲ್ಲ," ಎಂದು ಗೊಣಗುತ್ತ ಅಕ್ಕ ಪಾತ್ರೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ನಿನ್ನನ್ನ ಯಾರು ಬಾ ಅಂದಿದ್ರು? ಈ ವಯಸ್ಸಲ್ಲಿ ಜೋಡಿ ಟೂರು ಮಾಡ್ತಾರಂತೆ."

"ಹೊಟ್ಟೆಕಿಚ್ಚು ನಿಂಗೆ," ಎಂದಳು. ಎಂಟು ತಿಂಗಳಿಂದ ಅವಳು ಪ್ರತಿ ಲೋಡಿನಲ್ಲೂ ಗಂಡನ ಪಕ್ಕದ ಸೀಟಿನಲ್ಲಿ ಹೋಗುತ್ತಿದ್ದಳು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಬೇಜಾರು ಎನ್ನುತ್ತಿದ್ದಳು. ದಾರಿಯುದ್ದಕ್ಕೂ ಬಾಯಿ ಮುಚ್ಚುವುದಿಲ್ಲವಂತೆ ಎಂದು ಡ್ರೈವರುಗಳು ಅವಳಿಗೆ 'ರೇಡಿಯೋ' ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ ಮೇಸ್ತ್ರಿಯೂ ನಕ್ಕಿದ್ದ.

"ಬಾಯಿ ಬಿಡ್ತು ಕಣೋ!" ಎಂದು ಅವಳು ಪಾತ್ರೆಯ ಪಕ್ಕದಿಂದಲೇ ಕೂಗಿದಳು.

ಥರ್ಮೋಸ್ಟಾಟ್ ಮತ್ತೆ ಕೂರಿಸಿ, ಹೊಸ ಹೋಸುಗಳ ಬಾಯಿಗೆ ಸೋಪಿನ ನೀರು ಸವರಿ ಸಿಕ್ಕಿಸಿ, ಬೆಲ್ಟ್ ಬಿಗಿದ ಮೇಲೆ ಮೂರು ಸಲ ತೊಳೆಯಬೇಕಾಯಿತು. ತುಕ್ಕು ಬಿಡಿಸುವ ಪುಡಿ ಹಾಕಿ, ಎಂಜಿನ್ ಓಡಿಸಿ, ಆರಿಸಿ, ಖಾಲಿ ಮಾಡಿ, ಮತ್ತೆ ತುಂಬಿ. ಮೂರನೆಯ ಸಲ ಬಂದ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ ಒಪ್ಪಿದ. ಹೋಸುಗಳ ಕ್ಲಿಪ್ಪು ಬಿಗಿದ. ಹಸಿರು ಕೂಲೆಂಟಿಗೆ ಸಮ ನೀರು ಬೆರೆಸಿ ಆಲಿಕೆಯಿಟ್ಟು ಹೊಯ್ದ. ಇನ್ನು ಉಳಿದದ್ದು ಗಾಳಿ ತೆಗೆಯುವುದೊಂದೇ. ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಹೊರಗೆ ಬರುವವರೆಗೆ ಒಬ್ಬ ಮುಂದೆ ನಿಂತು ನೀರು ನೋಡಬೇಕು, ಒಬ್ಬ ಒಳಗೆ ಕೂತು ಬಿಸಿಯ ಮುಳ್ಳು ನೋಡಬೇಕು. ಭಾವ ಹತ್ತಿ ಕೂತರು. ಅಕ್ಕ ಪಾತ್ರೆ ತೊಳೆಯಲು ಹಿಂದಿನ ನಲ್ಲಿಗೆ ಹೋಗಿದ್ದಳು.

"ಮುಳ್ಳು ಎಲ್ಲಿದೆ ಭಾವ?"

"ಇನ್ನೂ ಎದ್ದಿಲ್ಲ."

ಗುಳ್ಳೆಗಳು ಬಂದವು, ಒಡೆದವು. ನೀರು ಒಂದಿಷ್ಟು ಇಳಿಯಿತು. ಮೇಸ್ತ್ರಿ ಮತ್ತೆ ತುಂಬಿದ.

"ಈಗ?"

"ಕಾಲು ಭಾಗ."

ಮೇಲಿನ ಹೋಸನ್ನು ಅಂಗೈಯಲ್ಲಿ ಹಿಡಿದುಕೊಂಡ. ತಣ್ಣಗಿದ್ದದ್ದು ಬೆಚ್ಚಗಾಯಿತು, ಆಮೇಲೆ ಒಮ್ಮೆಗೇ ಬಿಸಿ. ಥರ್ಮೋಸ್ಟಾಟ್ ತೆರೆದುಕೊಂಡಿತ್ತು. ಅವನಿಗೆ ಸಮಾಧಾನವಾಯಿತು.

"ಈಗ?"

"ಅರ್ಧ! ಅರ್ಧಕ್ಕೆ ಬಂದು ನಿಂತುಬಿಡ್ತು ನೋಡು, ಅಲ್ಲಾಡ್ತಾನೇ ಇಲ್ಲ. ಭೇಷ್ ಕಣೋ ಮೇಸ್ತ್ರಿ."

ಹೊಗಳಿಕೆಗೆ ನಗುತ್ತ ಬಟ್ಟೆಯ ತುಂಡಿನಿಂದ ಥರ್ಮೋಸ್ಟಾಟಿನ ಗೂಡನ್ನು ಒರೆಸಲು ಬಗ್ಗಿದವನು ಹಾಗೇ ನಿಂತ. ಅಲ್ಲಿ ವೈರೊಂದು ಬಿಟ್ಟುಕೊಂಡಿತ್ತು. ಗೂಡು ಬಿಚ್ಚುವಾಗ ತಾನೇ ಕಿತ್ತು, ಕೈಗೆ ಅಡ್ಡ ಬಾರದಿರಲೆಂದು ಪಕ್ಕಕ್ಕೆ ಮಡಚಿಟ್ಟ ಮುಳ್ಳಿನ ವೈರು. ಮತ್ತೆ ಸಿಕ್ಕಿಸುವುದನ್ನು ಮರೆತಿದ್ದ. ಆ ವೈರಿಲ್ಲದಿದ್ದರೆ ಎಂಜಿನ್ ಕುದಿದು ಸಿಡಿದರೂ ಮುಳ್ಳು ತಳ ಬಿಟ್ಟು ಏಳುವುದಿಲ್ಲ.

ಅವನು ಬಾನೆಟ್ಟಿನ ಪಕ್ಕಕ್ಕೆ ಸರಿದು ಗಾಜಿನೊಳಗೆ ನೋಡಿದ.

"ಭಾವ, ಸರಿಯಾಗಿ ನೋಡಿ ಹೇಳಿ."

"ನೋಡೇ ಹೇಳ್ತಿದ್ದೀನಪ್ಪ. ಅರ್ಧ."

ಅವರು ಅವನ ಕಿವಿಯ ಕಡೆ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಆಚೆ ಬಾಗಿಲಿಂದ ತನ್ನ ಸೀಟಿಗೆ ಹತ್ತಿದಳು.

"ಅಕ್ಕಾ, ಮುಳ್ಳು ಎಲ್ಲಿದೆ ನೋಡಿ ಹೇಳು."

ಅವಳು ಬಗ್ಗಿದಳು. ಬಗ್ಗಿದವಳು ಅಷ್ಟು ಹೊತ್ತು ನೋಡುವಂಥದ್ದು ಅಲ್ಲೇನಿರಲಿಲ್ಲ. ಒಮ್ಮೆ ಗಂಡನ ಕಡೆ ತಿರುಗಿದಳು, ಮತ್ತೆ ಮುಳ್ಳಿನ ಕಡೆ. ಆಮೇಲೆ ತಲೆಯೆತ್ತಿ, ಗಾಜಿನ ಈಚೆ ನಿಂತ ತಮ್ಮನನ್ನು ನೇರವಾಗಿ ನೋಡಿ, ಎಂಜಿನ್ನಿನ ಸದ್ದಿನ ಮೇಲೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಅವರು ಹೇಳಿದ್ದೇ ಕಣೋ. ಅರ್ಧ."

"ಆಫ್ ಮಾಡಿ ಭಾವ," ಎಂದ ಮೇಸ್ತ್ರಿ.

ಕೊಳಕು ನೀರಿನ ಟಬ್ಬನ್ನು ಹೊತ್ತು ಹಿಂದಿನ ಗುಂಡಿಗೆ ಚೆಲ್ಲಲು ಹೋದ. ಅಕ್ಕ ಹಿಂದೆಯೇ ಬಂದಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ಎತ್ತಿಕೊಂಡು ತಿಕ್ಕತೊಡಗಿದಳು.

"ವೈರು ಕಿತ್ತಿಟ್ಟಿದ್ದೆ," ಎಂದ.

"ಗೊತ್ತಾಯ್ತು. ತಳದಲ್ಲೇ ಇತ್ತು."

"ಎಷ್ಟು ದಿನದಿಂದ?"

"ನಾನು ಜೊತೆಗೆ ಹೋಗೋಕೆ ಶುರು ಮಾಡಿದ್ನಲ್ಲ, ಆವಾಗಿಂದ." ಅವಳ ಕೈ ನಿಲ್ಲಲಿಲ್ಲ. "ಸುತ್ತಮುತ್ತ ಎಲ್ಲ ಕಾಣುತ್ತಂತೆ. ನಡುವೆ ಮಾತ್ರ ಮಸಿ ಬಟ್ಟೆ ಹಿಡಿದ ಹಾಗಂತೆ. ನಿನ್ನ ನೋಡಿದ್ರೆ ಕಿವಿ ಕಾಣುತ್ತೆ, ಮೂಗು ಕಾಣಲ್ಲ. ಬಣ್ಣ ಎಲ್ಲ ಬೂದಿ. ಡಾಕ್ಟರು ಇದಕ್ಕೆ ಆಪರೇಷನ್ ಇಲ್ಲ ಅಂದ್ರು."

ಮೇಸ್ತ್ರಿ ಖಾಲಿ ಟಬ್ಬನ್ನು ಕೆಳಗಿಟ್ಟ.

"ನಾನು ಹೇಳ್ತಾ ಹೋಗ್ತೀನಿ ಕಣೋ. ಎದುರಿಗೆ ಬಸ್ಸು, ಮುಂದೆ ಹಂಪು, ಮುದುಕಿ ದಾಟ್ತಿದ್ದಾಳೆ ನಿಲ್ಸಿ, ಮುಳ್ಳು ಏರ್ತಿದೆ. ಬೆಳಿಗ್ಗೆಯಿಂದ ಸಂಜೆ ತನಕ ಗಂಟಲು ಒಣಗಿಹೋಗುತ್ತೆ. ರೇಡಿಯೋ ಅಂತೀರಲ್ಲ ಎಲ್ಲರೂ. ಅನ್ನಿ. ಎಂಟು ತಿಂಗಳಲ್ಲಿ ಒಂದು ನಾಯಿಗೂ ತಾಗಿಲ್ಲ."

"ನಿಂಗೆ ಜ್ವರ ಬಂದಾಗ?"

"ಬೇಡ ಅಂದೆ. ಒಂದೇ ಲೋಡು, ಗೊತ್ತಿರೋ ದಾರಿ ಅಂದ್ರು."

"ಆ ಎಡಗಡೆ ಗೀರು?"

"ಗೋಡೆ."

"ಅದನ್ನ ಯಾರು ನೋಡಿದ್ದು?"

"ನಾನೆಲ್ಲಿ ನೋಡ್ಲಿ, ಹಾಸಿಗೆಯಲ್ಲಿದ್ದೆ."

"ಮತ್ತೆ ಗೋಡೆ ಅಂತ ಹೇಗೆ ಗೊತ್ತು?"

ಪಾತ್ರೆ ತಿಕ್ಕುವ ಸದ್ದು ನಿಂತಿತು.

"ಅವರೇ ಅಂದ್ರು," ಎಂದಳು. "ಏನೋ ತಾಗಿದ ಹಾಗಾಯ್ತಂತೆ. ನಿಲ್ಲಿಸಿದ್ರಂತೆ. ಯಾರೂ ಕೂಗಲಿಲ್ಲವಂತೆ. ಅದಕ್ಕೇ... ಗೋಡೆ."

ಮೇಸ್ತ್ರಿಯ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಇತ್ತು. ಅವನು ಅದನ್ನು ನೋಡುತ್ತಿರುವುದನ್ನು ಅಕ್ಕನೂ ನೋಡಿದಳು. ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಪಾತ್ರೆಯೊಳಗೆ ಭೋರೆಂದು ಬಿದ್ದು ಅವರಿಬ್ಬರ ಕಾಲಿನ ಮೇಲೂ ಹಾರಿತು.

"ಬಾಯಿ ಬಿಡಬೇಡ," ಎಂದಳು ಆ ಸದ್ದಿನೊಳಗೆ. "ಮಗಳ ಓದು ಇನ್ನೊಂದು ವರ್ಷ ಇದೆ. ಅವರಿಗೆ ಬೇರೆ ಕೆಲಸ ಬರಲ್ಲ. ಮನೆಯಲ್ಲಿ ಕೂತ್ರೆ ಸತ್ತೇ ಹೋಗ್ತಾರೆ. ನಾನಿನ್ನು ಮಲಗಲ್ಲ ಕಣೋ. ಜ್ವರ ಬಂದ್ರೂ ಮಲಗಲ್ಲ. ಆಯ್ತಾ?"

ಮರುದಿನ ಬೆಳಿಗ್ಗೆ ಭಾವನಿಗೆ ಸಿಮೆಂಟ್ ಲೋಡು ಇತ್ತು. ಗೋಡೌನಿನಿಂದ ಹೊರಟ ಗಾಡಿ ಶಾಲೆ ಶುರುವಾಗುವ ಹೊತ್ತಿಗೆ ಊರ ರಸ್ತೆ ದಾಟಬೇಕು. ಆ ಹೊತ್ತಿನಲ್ಲಿ ಆ ರಸ್ತೆಯ ಎಡಬದಿಯಲ್ಲಿ ಸೈಕಲ್ಲುಗಳು ಸಾಲಾಗಿ ಹೋಗುತ್ತವೆ, ಒಮ್ಮೊಮ್ಮೆ ಇಬ್ಬಿಬ್ಬರು ಜೋಡಿಯಾಗಿ ಮಾತಾಡಿಕೊಂಡು. ಹಾಗೆ ಹೋಗಬೇಡವೆಂದು ಮೇಸ್ತ್ರಿ ತನ್ನ ಮಗಳಿಗೆ ದಿನಾ ಬೈಯುತ್ತಿದ್ದ. ಅವಳು ದಿನಾ ಹಾಗೇ ಹೋಗುತ್ತಿದ್ದಳು.

ಅವನು ಷೆಡ್ಡಿಗೆ ಬಂದು ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿದ. ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿದ. ಮುಚ್ಚಳ ಹಾಕಿದ. ಮಾಡಲು ಇನ್ನೇನೂ ಉಳಿಯದಿದ್ದಾಗ ತಲೆ ಎತ್ತದೆಯೇ ಹೇಳಿದ: "ಭಾವ, ಗಾಡಿ ಕೊಡೋಕಾಗಲ್ಲ. ಪಂಪ್ ಹೋಗಿದೆ."

ಇಪ್ಪತ್ತನಾಲ್ಕು ವರ್ಷದ ಕೆಲಸದಲ್ಲಿ ಸರಿಯಿರುವುದನ್ನು ಕೆಟ್ಟಿದೆ ಎಂದು ಅವನು ಹೇಳಿದ್ದು ಅದೇ ಮೊದಲು. ಕಿವಿ ಬಿಸಿಯಾಯಿತು.

"ಪಂಪಾ?" ಎಂದರು ಭಾವ.

"ಬೇರಿಂಗು. ಇಳಿಜಾರಿನಲ್ಲಿ ಹಿಡಿದುಕೊಂಡ್ರೆ ಬೆಲ್ಟ್ ಕಿತ್ತು ಹೋಗುತ್ತೆ."

"ಬೆಳಿಗ್ಗೆಯಿಂದ ಇಲ್ಲದ್ದು ಈಗೆಲ್ಲಿಂದ ಬಂತೋ?" ಬಾಗಿಲಲ್ಲಿ ನಿಂತಿದ್ದ ಅಕ್ಕನ ದನಿ ಸೀಳಿತು. "ಏನ್ರೀ, ಇವನ ಮಾತು ಕೇಳಬೇಡಿ. ಪಂಪ್ ಚೆನ್ನಾಗೇ ಇದೆ. ನೀವೇ ಕೇಳಿ ನೋಡಿ!"

ಭಾವ ಕ್ಯಾಬಿನ್ನಿನಿಂದ ಇಳಿದು ಬಂದರು. ಆಮೇಲೆ ಕೈ ಚಾಚಿದರು. "ಆ ಉದ್ದ ಸ್ಕ್ರೂ ಡ್ರೈವರ್ ಕೊಡು. ನೀನು ಹತ್ತಿ ಸ್ಟಾರ್ಟ್ ಮಾಡು."

ಮೇಸ್ತ್ರಿ ಸ್ಟಾರ್ಟ್ ಮಾಡಿದ. ಮುಳ್ಳು ತಳದಿಂದ ಎದ್ದು ಮೆಲ್ಲಗೆ ಅರ್ಧದ ಗೆರೆಗೆ ಹೋಗಿ ನಿಂತಿತು. ಅವನು ಕಿಟಕಿಯಿಂದ ಬಗ್ಗಿ ನೋಡಿದ. ಭಾವ ಎಡಗೈಯಿಂದ ಮೊದಲು ಬೆಲ್ಟ್ ಎಲ್ಲಿದೆ ಎಂದು ಗಾಳಿಯಲ್ಲೇ ಅಂದಾಜು ಹಿಡಿದು, ಆಮೇಲೆ ಸ್ಕ್ರೂ ಡ್ರೈವರಿನ ತುದಿಯನ್ನು ಪಂಪಿನ ಮೈಗೆ ಆನಿಸಿ, ಹಿಡಿಗೆ ಕಿವಿಯೊತ್ತಿ ಕಣ್ಣು ಮುಚ್ಚಿದರು. ಆ ಮುಖವನ್ನು ಅವನು ಹದಿನೇಳನೇ ವಯಸ್ಸಿನಿಂದ ಬಲ್ಲ. ಅಷ್ಟು ದೀರ್ಘವಾಗಿ ಅವರು ಯಾವ ಎಂಜಿನ್ನನ್ನೂ ಕೇಳಿದ್ದಿಲ್ಲ. ಕೆಟ್ಟ ಬೇರಿಂಗಾದರೆ ಅವರಿಗೆ ಒಂದು ಗಳಿಗೆ ಸಾಕು.

"ಸಾಕು, ಆರಿಸು," ಎಂದರು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಏನ್ ಹೇಳುತ್ತೆ?"

ಭಾವ ಸ್ಕ್ರೂ ಡ್ರೈವರಿನ ತುದಿಯನ್ನು ಅಂಗಿಗೆ ಒರೆಸಿದರು.

"ಹೌದು ಕಣೇ," ಎಂದರು. "ಹೋಗಿದೆ."

"ರೀ..."

"ಹೋಗಿದೆ ಅಂದ್ನಲ್ಲ." ದನಿ ಏರಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ ಕೇಳಿದರು, "ಹೊಸದು ಸಿಗುತ್ತಾ?"

"ಸಿಗಲ್ಲ ಭಾವ. ಹಳೇ ಗಾಡಿ."

"ಹ್ಞೂಂ. ಹಳೇ ಗಾಡಿ." ಮೇಸ್ತ್ರಿ ಇಳಿದು ಬಂದು ಕೊಟ್ಟ ಬೀಗದ ಕೈಯನ್ನು ಅವನ ಅಂಗಿಯ ಜೇಬಿಗೇ ಹಾಕಲು ಹೋದರು. ಕೈ ಮೊದಲು ಭುಜಕ್ಕೆ ತಾಗಿತು, ಅಲ್ಲಿಂದ ಕೆಳಗಿಳಿದು ಜೇಬು ಹುಡುಕಿಕೊಂಡಿತು. "ಬಾನೆಟ್ಟಿನ ಮೇಲೆ ಬರೆದೆಯಾ?"

"ಇಲ್ಲ, ಬರೀತೀನಿ."

"ಈ ಸಲ ಇನ್ನೂ ದಪ್ಪಕ್ಕೆ ಬರಿ. ಮುಂದೆ ಓಡಿಸೋನಿಗೆ ಕಾಣ್ಲಿ."

ಊಟ ಮಾಡಿಕೊಂಡು ಹೋಗಿ ಎಂದು ಮೇಸ್ತ್ರಿ ಹೇಳುವಷ್ಟರಲ್ಲಿ ಅಕ್ಕ ಚೀಲ ಎತ್ತಿಕೊಂಡಿದ್ದಳು. ಕ್ಯಾಬಿನ್ನಿಗೆ ಹತ್ತಿ ನೀರಿನ ಬಾಟಲಿ, ಹೊದಿಕೆ, ಗಂಟಲಿಗೆಂದು ಇಟ್ಟುಕೊಂಡಿದ್ದ ಪೆಪ್ಪರಮಿಂಟಿನ ಡಬ್ಬಿ, ಒಂದೊಂದನ್ನೇ ಚೀಲಕ್ಕೆ ತುರುಕಿದಳು. ಇಳಿಯುವಾಗ ತಮ್ಮ ಚಾಚಿದ ಕೈಯನ್ನು ಹಿಡಿಯಲಿಲ್ಲ.

"ನೀನು ಇವತ್ತು ನಿಲ್ಲಿಸಿದ್ದು ಗಾಡಿಯನ್ನಲ್ಲ ಕಣೋ, ಅವರನ್ನ," ಎಂದಳು ಅವನಿಗಷ್ಟೇ ಕೇಳುವಂತೆ.

ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು. ಷೆಡ್ಡಿನ ಎದುರಿನ ಚರಂಡಿಯವರೆಗೆ ಭಾವ ತಾವೇ ಹೋದರು. ಅಲ್ಲಿ ನಿಂತರು. ಅಕ್ಕ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅವರ ಮೊಣಕೈ ಹಿಡಿದಳು. ಕಲ್ಲು ಚಪ್ಪಡಿ ದಾಟಿ ತಿರುವಿನವರೆಗೂ ಮೇಸ್ತ್ರಿ ಕಿವಿಗೊಟ್ಟು ನಿಂತಿದ್ದ. ಅವಳು ಏನೂ ಹೇಳುತ್ತಿರಲಿಲ್ಲ.

ಕೆಲಸ ಮುಗಿದ ಗಾಡಿಯ ಕೆಳಗೆ ರಟ್ಟು ಹಾಸಿ ಒಂದು ರಾತ್ರಿ ನಿಲ್ಲಿಸುವುದು ಅವನ ಪದ್ಧತಿ. ಎಲ್ಲಾದರೂ ಸೋರಿದರೆ ಬೆಳಿಗ್ಗೆ ಕಲೆ ಹೇಳುತ್ತದೆ. ಆವತ್ತೂ ಹಾಸಿದ. ಮರುದಿನ ಮಗಳು ಸೈಕಲ್ ತಳ್ಳಿಕೊಂಡು ರಸ್ತೆಗಿಳಿದು, ಮೂಲೆಯಲ್ಲಿ ಕಾದಿದ್ದ ಗೆಳತಿಯ ಜೋಡಿ ಮಾತಾಡುತ್ತ ಹೋದ ಮೇಲೆ, ಅವನು ಷೆಡ್ಡಿನ ಬಾಗಿಲು ತೆರೆದು, ಮಂಡಿಯೂರಿ, ರಟ್ಟನ್ನು ಎಳೆದು ಬೆಳಕಿಗೆ ಹಿಡಿದು ನೋಡಿದ. ಒಂದು ಹನಿಯೂ ಬಿದ್ದಿರಲಿಲ್ಲ.